ಎತ್ತಿ ಎಳೆಯಬೇಕಿದ್ದ ಬಾಗಿಲು

"ಅಣ್ಣ, ಈ ಡೋರು ನಾನೊಂದ್ಸಲ ತೆಗೆದು ನೋಡ್ಲಾ?"

ನೆಲ್ಯಹುದಿಕೇರಿಯ ಗ್ಯಾರೇಜಿನಲ್ಲಿ ಹೀಗೆ ಕೇಳಿದ್ದು, ಕೈಚೀಲ ಹಿಡಿದು ರಸ್ತೆಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬರು. ದಲ್ಲಾಳಿಯ ಮೂಲಕ ನಾನು ಕೊಂಡಿದ್ದ ಹಳೆಯ ಪಿಕಪ್ಪಿನ ಬಲಗಡೆಯ ಬಾಗಿಲು ಜೋತುಬಿದ್ದು, ಮೇಲಕ್ಕೆತ್ತಿ ಎಳೆದರೆ ಮಾತ್ರ ತೆರೆಯುತ್ತಿತ್ತು. ಮೆಕ್ಯಾನಿಕ್ ಆಗಷ್ಟೇ ಕೀಲುಗಳ ಸವೆದ ಪಿನ್ನು, ಬುಷ್‌ಗಳನ್ನು ಬದಲಾಯಿಸಿ ಅದನ್ನು ಮಟ್ಟಕ್ಕೆ ತಂದಿದ್ದ.

ನಾನು ಹೂಂ ಎಂದೆ. ಅವರು ಹಿಡಿಕೆ ಎಳೆದರು. ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು. ಮುಚ್ಚಿ, ಮತ್ತೊಮ್ಮೆ ತೆರೆದರು. "ಇಷ್ಟು ಸಲೀಸಾ!" ಎಂದವರೇ ಅಲ್ಲೇ ನೆಲಕ್ಕೆ ಕುಸಿದು ಕೂತರು.

ಮೆಕ್ಯಾನಿಕ್ ನೀರು ಕುಡಿಸಿದ ಮೇಲೆ ಅವರು ಹೇಳಿದರು. ಅದು ಅವರ ಗಂಡನ ಗಾಡಿಯಂತೆ. ಕಳೆದ ಮಳೆಗಾಲದಲ್ಲಿ ಮನೆ ಹತ್ತಿರದ ಇಳಿಜಾರಿನಲ್ಲಿ ಜಾರಿ, ಎಡಮಗ್ಗುಲು ರಸ್ತೆಬದಿಯ ಎತ್ತರದ ಮಣ್ಣಿನ ದರೆಗೆ ಒತ್ತಿಕೊಂಡು ನಿಂತಿತ್ತು. ಸ್ಟೇರಿಂಗ್ ಎದೆಗೆ ಬಡಿದು ನರಳುತ್ತಿದ್ದ ಗಂಡನನ್ನು ಇಳಿಸಲು ಉಳಿದಿದ್ದದ್ದು ಈ ಬಾಗಿಲೊಂದೇ.

"ಎತ್ತಿ ಎಳಿ, ಎತ್ತಿ ಎಳಿ ಅಂತ ಒಳಗಿಂದ ಹೇಳ್ತಾನೇ ಇದ್ರು ಅಣ್ಣ. ನಂಗೆ ಎತ್ತೋಕೆ ಆಗ್ಲಿಲ್ಲ."

ಅಕ್ಕಪಕ್ಕದವರು ಹಾರೆ ತಂದು ಮೀಟುವಷ್ಟರಲ್ಲಿ ಉಸಿರು ನಿಂತುಹೋಗಿತ್ತು.

ಮನೆಯವರೆಗೆ ಬಿಡುತ್ತೇನೆಂದೆ. ಬೇಡವೆಂದು ತಲೆಯಾಡಿಸಿ ಅವರು ನಡೆದೇ ಹೋದರು. ಗಾಡಿ ಮಾರಿಬಿಡೋಣವೆಂದರೆ ನನ್ನ ತರಕಾರಿ ವ್ಯಾಪಾರ ಅದರ ಮೇಲೇ ನಿಂತಿದೆ. ದಿನಾ ಬೆಳಗ್ಗೆ ಆ ಬಾಗಿಲು ತೆರೆದೇ ಹತ್ತುತ್ತೇನೆ. ಅದು ಸಲೀಸಾಗಿ ತೆರೆದಷ್ಟೂ ನನಗೆ ಸಂಕಟವಾಗುತ್ತದೆ.