ವಸಂತಕ್ಕನ ಕಿವಿ ಹಿಡಿದ ದೋಷ

ಆಗ ನಾನು ತುರ್ಭೆಯ ಒಂದು ಕಾರ್ಖಾನೆಯಲ್ಲಿ ಸಿಸ್ಟಮ್ ಅಡ್ಮಿನಿಸ್ಟ್ರೇಟರ್. ನಿವೃತ್ತಿಗೆ ಒಂದು ವರ್ಷವಿತ್ತು. ನಮ್ಮ ಸರ್ವರ್‌ಗಳೆಲ್ಲ ನಡೆಯುತ್ತಿದ್ದುದು ಲಿನಕ್ಸ್ ಎಂಬ ತಂತ್ರಾಂಶದ ಮೇಲೆ. ನನಗೆ ಲಿನಕ್ಸ್ ಗೊತ್ತೆಂಬ ಸುದ್ದಿ ಡೊಂಬಿವಲಿಯ ನಮ್ಮ ಸೊಸೈಟಿಯಲ್ಲೂ ಹಬ್ಬಿದ್ದರಿಂದ, ಒಂದು ಭಾನುವಾರ ಬೆಳಿಗ್ಗೆ ಪಕ್ಕದ ವಿಂಗ್‌ನ ವಸಂತಕ್ಕ ಕರೆಸಿದರು. ಅವರ ಕಂಪ್ಯೂಟರೂ ಲಿನಕ್ಸ್‌ನದೇ.

ವಸಂತಕ್ಕ ಉಡುಪಿ ಕಡೆಯವರು, ನಿವೃತ್ತ ಟೆಲಿಫೋನ್ ಆಪರೇಟರ್. ಹುಟ್ಟಿನಿಂದಲೂ ಕಣ್ಣು ಕಾಣದು. ಬ್ರೈಲ್ ಪುಸ್ತಕದ ಮೇಲೆ ಬೆರಳಾಡಿಸುತ್ತ ಮರಾಠಿ ಪಠ್ಯವನ್ನು ಗಟ್ಟಿಯಾಗಿ ಓದಿ, ಕಲ್ಯಾಣದ ಐವರು ಅಂಧ ವಿದ್ಯಾರ್ಥಿನಿಯರಿಗೆ ರೆಕಾರ್ಡ್ ಮಾಡಿ ಕಳಿಸುತ್ತಿದ್ದರು. ಫೋನಿನಲ್ಲಿ ರೆಕಾರ್ಡ್ ಮಾಡಿದರೆ ಮಾತಿಗಿಂತ ಹೊರಗಿನ ಲೋಕಲ್ ಟ್ರೇನಿನ ಸದ್ದೇ ಜೋರು. ಅದಕ್ಕೇ ಹೊಸ ಮೈಕು, ಆಡಿಯೊ ಇಂಟರ್ಫೇಸ್ ತರಿಸಿದ್ದರು. ಮೈಕಿನ ದನಿಯನ್ನು ಕಂಪ್ಯೂಟರಿಗೆ ಅರ್ಥವಾಗುವಂತೆ ಮಾರ್ಪಡಿಸುವ ಪುಟ್ಟ ಪೆಟ್ಟಿಗೆ ಅದು. ಗುರುವಾರ ಪರೀಕ್ಷೆ, ಇತಿಹಾಸದ ಮೂರು ಪಾಠ ಬಾಕಿಯಿತ್ತು.

ಕಮಾಂಡ್ ಕೊಟ್ಟೆ. ಕಂಪ್ಯೂಟರಿಗೆ ಜೋಡಿಸಿದ ಸಾಧನಗಳ ಪಟ್ಟಿಯಲ್ಲಿ ಇಂಟರ್ಫೇಸ್ ಕಾಣಿಸಿತು. ರೆಕಾರ್ಡ್ ಆಯಿತು, ಆದರೆ ದನಿ ಬಾವಿಯೊಳಗಿಂದ ಬಂದಂತಿತ್ತು. ಒಂದು ಗಂಟೆ ಸೆಟ್ಟಿಂಗ್‌ಗಳನ್ನು ತಿರುವಿ ಹಾಕಿದೆ. ಏನೂ ಬದಲಾಗಲಿಲ್ಲ.

“ರಾಯರೇ, ಇನ್ನೊಮ್ಮೆ ಕೇಳಿಸಿ,” ಎಂದರು ವಸಂತಕ್ಕ. ಕೇಳಿ ನಕ್ಕರು. “ಇದು ನನ್ನೆದುರಿನ ಮೈಕಲ್ಲ ಮಾರಾಯ್ರೆ. ಫ್ಯಾನ್ ಹತ್ತಿರ ಉಂಟು, ನನ್ನ ಸ್ವರ ದೂರ ಉಂಟು.”

ಫ್ಯಾನಿದ್ದುದು ಮಾನಿಟರ್ ಪಕ್ಕದಲ್ಲಿ. ಮಾನಿಟರ್ ಮೇಲೆ, ಮಗಳೊಂದಿಗೆ ವಿಡಿಯೊ ಕರೆಗೆಂದು ಹಾಕಿದ್ದ ಕ್ಯಾಮೆರಾ. ಅದನ್ನು ಉಗುರಿನಿಂದ ಕೆರೆದೆ. ಪರದೆಯ ಮೇಲೆ ದನಿಯ ಮಟ್ಟ ತೋರಿಸುವ ಗೆರೆ ಜಿಗಿಯಿತು. ಇಷ್ಟು ಹೊತ್ತೂ ಕ್ಯಾಮೆರಾದೊಳಗಿನ ಮೈಕಿನಿಂದಲೇ ರೆಕಾರ್ಡ್ ಆಗುತ್ತಿತ್ತು!

ಇನ್‌ಪುಟ್ ಬದಲಿಸಿ ಇಂಟರ್ಫೇಸ್ ಆರಿಸಿದೆ. ಈಗ ಸಂಪೂರ್ಣ ನಿಶ್ಶಬ್ದ. ಅದರ ಕಾರಣ ಮಾತ್ರ ನನಗೆ ಥಟ್ಟನೆ ಹೊಳೆಯಿತು. ಈ ಬಗೆಯ ಮೈಕಿಗೆ ಪೆಟ್ಟಿಗೆಯಿಂದ 48 ವೋಲ್ಟ್ ವಿದ್ಯುತ್ ಬೇಕು. ಅದನ್ನು ಹರಿಸುವ ಗುಂಡಿಯ ಮೇಲೆ ಅವರ ಬೆರಳಿಟ್ಟು, “ಒತ್ತಿ ವಸಂತಕ್ಕ,” ಎಂದೆ.

ಒತ್ತಿ ಓದತೊಡಗಿದರು. ಹೊರಗೊಂದು ಟ್ರೇನ್ ಹೋಯಿತು. ಮತ್ತೆ ಕೇಳಿದಾಗ ಟ್ರೇನು ಎಲ್ಲೋ ದೂರದ ಗುಸುಗುಸು. ದನಿ ಗಂಟೆಯಂತೆ ಸ್ಪಷ್ಟ. ಅವರು ಚಪ್ಪಾಳೆ ತಟ್ಟಿದರು. ಸಂಜೆಯೊಳಗೆ ಮೂರೂ ಪಾಠ ಮುಗಿದವು. ಪಾಠ ತಲುಪಿದ ಕೂಡಲೇ ಒಬ್ಬ ಹುಡುಗಿ ಫೋನ್ ಮಾಡಿ, “ಮಾವ್ಶಿ, ಅಗದೀ ಜವಳ್ ಬಸ್‌ಲಾತ್ ಅಸಂ ವಾಟ್ತಂ!” ಎಂದು ಕೂಗಿದಳು. ಚಿಕ್ಕಮ್ಮ ಪಕ್ಕದಲ್ಲೇ ಕೂತು ಓದಿದ ಹಾಗಿದೆಯಂತೆ.

ಮೂವತ್ತು ವರ್ಷ ನಾನು ಪರದೆಯನ್ನು ಮೊದಲು ನೋಡಿ, ಮನುಷ್ಯರನ್ನು ಆಮೇಲೆ ಕೇಳುತ್ತಿದ್ದೆ. ಉಳಿದ ಒಂದು ವರ್ಷ ಆ ಕ್ರಮ ತಿರುಗಿಸಿದೆ. ಕೆಲಸ ಬೇಗ ಮುಗಿಯತೊಡಗಿತು.

ಆ ಭಾನುವಾರ ಕಳೆದು ತಿಂಗಳಾದ ಮೇಲೆ, ಸೀವುಡ್ಸ್‌ನಲ್ಲಿ ಹೀಗೇ ಪಾಠ ಓದಿ ರೆಕಾರ್ಡ್ ಮಾಡುವ ಇನ್ನೊಬ್ಬರಿಗೂ ಇಂಟರ್ಫೇಸ್ ಬಂತು. ಯಾವಾಗ ಹೋಗೋಣವೆಂದು ವಸಂತಕ್ಕನನ್ನು ಕೇಳಿದೆ.

“ನೀವು ಬರುವುದು ಬೇಡ ರಾಯರೇ. ನಾನು ನಿನ್ನೆಯೇ ಹೋಗಿ ಸರಿ ಮಾಡಿ ಬಂದೆ.”