ಸಿಂಹಳದ ಕಾಸು ಹೆಕ್ಕುವ ಪುಟ್ಟಮಾದಮ್ಮ

ಹುಣಸೂರಿನ ಪೇಟೆಬೀದಿ ಇನ್ನೂ ಕಣ್ಣು ಬಿಟ್ಟಿಲ್ಲ. ಪಾತ್ರೆ ಅಂಗಡಿಯ ಜಗಲಿಯ ಮೇಲೆ ಗೋಣಿತಾಟು ಹಾಸಿ, ಒಂದು ಚೀಲ ಹಳೆಯ ನಾಣ್ಯ ಸುರಿದುಕೊಂಡು ಪುಟ್ಟಮಾದಮ್ಮ ಕೂತಿದ್ದಾರೆ. ಕಿಲುಬು ಹಿಡಿದ ಕಾಸನ್ನು ಹುಣಸೆಹುಳಿ ನೀರಿಗೆ ಅದ್ದಿ, ಹೆಬ್ಬೆರಳಿನಿಂದ ತಿಕ್ಕಿ, ಬೆಳಕಿಗೆ ಹಿಡಿಯುತ್ತಾರೆ. ನಡುವೆ ತೂತಿದ್ದರೆ ಆಫ್ರಿಕದ್ದು, ಎಡಗಡೆಯ ಮೊರಕ್ಕೆ. ಮಲಯದ್ದು ಬಲಗಡೆಗೆ. ಸಿಂಹಳದ್ದು ಮಡಿಲಿಗೆ. ಬೀದಿಯ ತುದಿಯಲ್ಲಿ ಸೈಕಲ್ ಗಂಟೆ ಕೇಳಿದರೆ ಸಾಕು, ಕೈ ಅಲ್ಲೇ ನಿಲ್ಲುತ್ತದೆ. ಸೈಕಲ್ ದಾಟಿ ಹೋದ ಮೇಲೆಯೇ ಮುಂದಿನ ಕಾಸು.

"ಮರದ ಗುತ್ತಿಗೆ ರೈಟರು ಬಂದ್ರೇನೋ ಅಂತ ನೋಡ್ದೆ ಕಣ್ರೀ" ಎಂದು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

ಇಂಗ್ಲಿಷರು ಆಳಿದ ದೇಶಗಳಿಂದೆಲ್ಲ ಬಂದ ಚಿಲ್ಲರೆ ಇದು. ಯುದ್ಧ ಮುಗಿಸಿ ಬಂದ ಸಿಪಾಯಿಗಳು, ರಬ್ಬರು ಟೀ ತೋಟಗಳಿಂದ ಮರಳಿದ ಕೂಲಿಗಳು ಟ್ರಂಕಿನ ತಳದಲ್ಲಿ ತಂದದ್ದು. ಇಲ್ಲಿ ನಡೆಯದ ದುಡ್ಡಾದ್ದರಿಂದ ಮನೆಯವರು ತೂಕಕ್ಕೆ ಹಾಕುತ್ತಾರೆ. ಚೆನ್ನಾಗಿರುವುದನ್ನು ಮೈಸೂರಿನ ಹವ್ಯಾಸಿಗಳು ಕೊಳ್ಳುತ್ತಾರೆ, ಸವೆದದ್ದು ಎರಕದವರ ಕುಲುಮೆಗೆ ಹೋಗುತ್ತದೆ. ಬೆಟ್ಟದಪುರದಲ್ಲಿ ಹುಟ್ಟಿದ ಪುಟ್ಟಮಾದಮ್ಮನಿಗೆ ಓದು ಬರಹವಿಲ್ಲ. ಗಂಡ ಷಣ್ಮುಖಪ್ಪ ಮಲಯದ ಯುದ್ಧದಲ್ಲಿ ಒಂದು ಕಾಲು ಕಳೆದುಕೊಂಡು ಬಂದವರು. ಹಾಸಿಗೆಯಲ್ಲಿ ಒರಗಿಕೊಂಡೇ, ತಾವು ತಂದ ನಾಣ್ಯಗಳನ್ನು ಹೆಂಡತಿಯ ಅಂಗೈಗಿಟ್ಟು ಒಂದೊಂದು ದೇಶದ ಗುರುತು ಹೇಳಿಕೊಟ್ಟರು. ಅವರು ತೀರಿಕೊಂಡ ಮೇಲೆ ಆ ಗುರುತೇ ಈಕೆಗೆ ಅನ್ನವಾಯಿತು. ದಿನಕ್ಕೆ ಹನ್ನೆರಡಾಣೆ.

"ತೂತಿಲ್ದಿರೋದ್ರ ಮೇಲೆಲ್ಲಾ ಅದೇ ರಾಜನ್ ತಲೆ. ತಲೆ ನೋಡಿ ನಂಬುದ್ರೆ ಕೆಟ್ವಿ" ಎನ್ನುತ್ತಾರೆ. ಸಿಂಹಳದ ಹತ್ತು ಸೆಂಟಿನ ಅಂಚು ನಮ್ಮ ಹಳೆಯ ಹಿತ್ತಾಳೆ ಆಣೆಯ ಹಾಗೇ ಅಲೆಅಲೆಯಾಗಿದೆ. ಐದು ಸೆಂಟು ಚೌಕ, ಥೇಟು ಅರ್ಧಾಣೆ. ಹಿಂಬದಿಯ ಅಕ್ಷರ ಮಾತ್ರ ಬೇರೆ. ಈ ಏಪ್ರಿಲಿನಲ್ಲಿ ಆಣೆಯ ಬದಲು ನಯಾಪೈಸೆ ಬಂದ ಮೇಲಂತೂ ಯಾವ ಕಾಸು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಸಂತೆಗೆ ಸಂತೆಯೇ ಗಾಬರಿ ಬಿದ್ದಿದೆ.

ಆ ಗಾಬರಿಯ ನಡುವೆಯೇ ಒಂದು ದಿನ ಕೆಂಚಿ ಬಂದಳು. ವೀರನಹೊಸಹಳ್ಳಿ ಕಡೆಯ ಕಾಡಿನ ಹಾಡಿಯವಳು, ಮರ ಕಡಿಯುವ ಕೂಪಿನಲ್ಲಿ ಕೂಲಿ. ಸೆರಗಿನ ಗಂಟು ಬಿಚ್ಚಿ, "ಅವ್ವಾ, ಇದ್ನ ಇತ್ತಾಳೆ ಲೆಕ್ಕಕ್ಕಾದ್ರೂ ತಕ್ಕೊಳ್ಳಿ. ಅಕ್ಕಿ ಅಂಗ್ಡೀಲಿ ಎಸ್ದ್ಬುಟ್ರು" ಎಂದಳು.

ಪುಟ್ಟಮಾದಮ್ಮ ಬೆಳಕಿಗೆ ಹಿಡಿದು ನೋಡಿದರು. ಅಷ್ಟೂ ಸಿಂಹಳದ ಕಾಸು. ತಾವೇ ತಿಕ್ಕಿ ಹೊಳಪು ಬರಿಸಿದ್ದು. ಮರದ ಗುತ್ತಿಗೆದಾರನ ಲೆಕ್ಕ ಬರೆಯುವ ರೈಟರು ಕೆಂಪಯ್ಯ, ಗಂಟೆ ಎರಕ ಹೊಯ್ಯಿಸಬೇಕೆಂದು ಹೇಳಿ, ಸಿಂಹಳದ್ದನ್ನಷ್ಟೇ ಚೀಲಗಟ್ಟಲೆ ಒಯ್ಯುತ್ತಿದ್ದ. ಹಾಡಿಯವರಿಗೆ ಕೂಲಿ ಬಟವಾಡೆ ಮಾಡುತ್ತಿದ್ದವನೂ ಅವನೇ; ಆಣೆಯ ಬದಲು ಇವನ್ನೇ ದಾಟಿಸಿದ್ದ.

"ನಾನೇ ಎಕ್ಕಿ ಕೊಟ್ಟಿದ್ದೀನಲ್ಲಾ ಅಂತ ಅವತ್ತು ಉಣ್ದೇ ಮಲಿಕ್ಕಂಡೆ" ಎನ್ನುತ್ತಾರೆ ಪುಟ್ಟಮಾದಮ್ಮ.

ಅಂಗಡಿಯ ಯಜಮಾನ ನೀಲಕಂಠಸ್ವಾಮಿಯವರಿಗೆ ಹೇಳಿದರೆ, "ನಾವು ತೂಕಕ್ಕೆ ಮಾರಿದ್ದು ಪುಟ್ಟಮಾದಮ್ಮ. ಆಮೇಲಿನ ಉಸಾಬರಿ ನಮಗ್ಯಾಕೆ?" ಎಂದರು. ಹೆಚ್ಚು ಮಾತಾಡಿದರೆ ಕೆಲಸ ಹೋಗುತ್ತದೆ. ಸುಮ್ಮನಿದ್ದರೆ ಕೆಂಚಿಯ ಮುಖ ಕಣ್ಣ ಮುಂದೆ ಬರುತ್ತದೆ. ಕೊನೆಗೆ ಮುಂದಿನ ಬಟವಾಡೆಯ ದಿನ ಅಂಗಡಿಗೆ ಹೋಗದೆ ಕೆಂಚಿಯ ಜೊತೆ ಕಾಡಂಚಿನ ದಾರಿ ಹಿಡಿದರು.

ಕೂಪಿನ ಎದುರು ಟವಲು ಹಾಸಿ ಕೂತರು. ಕೂಲಿ ಈಸಿಕೊಂಡು ಬಂದ ಒಬ್ಬೊಬ್ಬರ ಅಂಗೈಯ ದುಡ್ಡನ್ನೂ ಮಗುಚಿ ನೋಡಿ, ನಮ್ಮದು ಈ ಕಡೆ, ಸಿಂಹಳದ್ದು ಆ ಕಡೆ ಹಾಕತೊಡಗಿದರು. ಕೆಂಪಯ್ಯ ದಡದಡನೆ ಬಂದ.

"ನಿಂಗೇನಮ್ಮಾ ಇಲ್ಲಿ ಕೆಲ್ಸ? ಪೊಲೀಸ್ನೋರ್ನ ಕರಸ್ತೀನಿ."

"ಕರಸಿ ಬುದ್ಧಿ. ಎಕ್ಕಿ ಕೊಟ್ಟೋಳು ನಾನೇ ಅಂತ್ಲೂ ಯೋಳ್ತೀನಿ."

ಹಾಡಿಯ ಹಿರಿಯ ಚಿಕ್ಕಮಾದ ಮುಂದೆ ಬಂದು ತನ್ನ ಕೊಡಲಿಯನ್ನು ನೆಲಕ್ಕಿಟ್ಟ. "ದುಡ್ಡು ಬದಲಾಗೋಗಂಟ ಮರ ಕಡಿಯಾಕಿಲ್ಲ" ಎಂದ. ಅವನ ಪಕ್ಕ ಇನ್ನೊಂದು ಕೊಡಲಿ ಬಿತ್ತು, ಆಮೇಲೆ ಮತ್ತೊಂದು. ಲಾರಿಗಳು ಕಾಯುತ್ತಿದ್ದವು. ಕೆಂಪಯ್ಯ ಹಲ್ಲು ಕಚ್ಚಿಕೊಂಡು ಅಂದಿನ ಕಾಸನ್ನೆಲ್ಲ ಬದಲಿಸಿಕೊಟ್ಟ. ಸೈಕಲ್ ಹತ್ತುವಾಗ ಪುಟ್ಟಮಾದಮ್ಮನ ಕಡೆ ತಿರುಗಿ, "ಹುಣಸೂರಲ್ಲೇ ತಾನೆ ನೀನಿರೋದು? ನೋಡ್ಕೋತೀನಿ" ಎಂದು ಹೋದ.

ಆ ಮಾತು ಇವರ ಬೆನ್ನು ಬಿಟ್ಟಿಲ್ಲ. ನೀಲಕಂಠಸ್ವಾಮಿಯವರು ಕೆಲಸದಿಂದ ತೆಗೆದಿಲ್ಲ, ಮುಖ ಕೊಟ್ಟು ಮಾತಾಡುವುದೂ ಇಲ್ಲ. ಹವ್ಯಾಸಿಗಳಿಗೆ ಹೋಗುವಷ್ಟನ್ನು ಬಿಟ್ಟು, ಸಿಂಹಳದ ಪ್ರತಿ ಕಾಸಿಗೂ ಪುಟ್ಟಮಾದಮ್ಮ ಈಗ ಉಳಿಯಿಂದ ಕಚ್ಚು ಹಾಕುತ್ತಾರೆ, ಆಣೆಯೆಂದು ಯಾರ ಕೈಗೂ ದಾಟಿಸಲಾಗದ ಹಾಗೆ. ತೂಕ ಕಮ್ಮಿಯಾಗದ್ದರಿಂದ ಯಜಮಾನರು ಗೊಣಗಿ ಸುಮ್ಮನಾಗುತ್ತಾರೆ. ಹಾಡಿಯವರ ಹಿಂದಿನ ಕೂಲಿ ಮಾತ್ರ ಇನ್ನೂ ಬಂದಿಲ್ಲ.

"ಭಯ ಇಲ್ದೆ ಏನು, ಐತೆ. ಅವ್ರ ಅಳೇ ಕೂಲಿ ಒಂದ್ ಬಂದ್ಬುಟ್ರೆ ಸಾಕು ನಂಗೆ."

ಅಷ್ಟರಲ್ಲಿ ಪಿರಿಯಾಪಟ್ಟಣದ ಹೊಗೆಸೊಪ್ಪಿನ ಕೆಲಸದ ಹೆಂಗಸೊಬ್ಬಳು ಜಗಲಿಯ ಕೆಳಗೆ ಬಂದು ನಿಂತು, ಅಂಜುತ್ತಲೇ ಕೂಲಿ ದುಡ್ಡಿನ ಮುಷ್ಟಿ ಬಿಚ್ಚುತ್ತಾಳೆ. ಪುಟ್ಟಮಾದಮ್ಮ ಒಂದೊಂದನ್ನೂ ಮಗುಚಿ ನೋಡಿ, ಅವಳ ಬೆರಳುಗಳನ್ನು ಮಡಿಸಿ ಮುಷ್ಟಿ ಮುಚ್ಚುತ್ತಾರೆ.

"ಎಲ್ಲ ನಮ್ದೇ ಕಣವ್ವಾ. ಧೈರ್ಯವಾಗಿ ಓಗು."