ಸರ್ಕಾರದ ಬಳೆ, ನಮ್ಮಕ್ಕನ ಕೊಬ್ಬರಿ

ಸರ್ಕಾರ ರೂಲು ಮಾಡುವುದು ಹೇಗೆ ಎಂದು ಯಾರಾದರೂ ಕೇಳಿದರೆ, ಮೀಟಿಂಗಿನಲ್ಲಿ ಕುರ್ಚಿ ಸಿಕ್ಕಿದ್ದು ಯಾರಿಗೆ ಎಂದು ನಾನು ತಿರುಗಿ ಕೇಳುತ್ತೇನೆ. ಇದು ಕಾಲೇಜಿನಲ್ಲಿ ಕಲಿತದ್ದಲ್ಲ. ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದು ತೆಂಗಿನಕಾಯಿ ಸುಲಿಯಲು ಹೋದವನು ನಾನು. ಕಾಯಿ ಸುಲಿದು, ಆಮೇಲೆ ಚಿಪ್ಪು ಕೊಂಡು ಮಾರಿ, ಕೊನೆಗೆ ತಿಪಟೂರಿನ ಮಾರ್ಕೆಟ್ಟಿನಲ್ಲಿ ಕೊಬ್ಬರಿ ವ್ಯಾಪಾರಕ್ಕೇ ನಿಂತೆ. ಆ ದಾರಿಯಲ್ಲಿ ಕಲಿತದ್ದನ್ನು ಪುಕ್ಕಟೆ ಹಂಚುವ ಚಟ ನನಗಿದೆ. ಕೇಳದವರಿಗೂ ಹೇಳುತ್ತೇನೆ. ಅಂಥ ಸಲಹೆಯೊಂದು ನಮ್ಮಕ್ಕನ ತಲೆಯ ಮೇಲೇ ಬಿದ್ದದ್ದು ಎರಡು ಸಾವಿರದ ಇಸವಿಯ ಆಚೀಚೆ.

ಆಗ ಕೊಬ್ಬರಿ ರೇಟು ನೆಲ ಕಚ್ಚಿತ್ತು. ಸರ್ಕಾರವೇ ಬೆಂಬಲ ಬೆಲೆಗೆ ಕೊಳ್ಳುತ್ತದೆ, ಎಂಥ ಕೊಬ್ಬರಿ ಕೊಳ್ಳಬೇಕೆಂದು ನೋಡಲು ದೆಹಲಿಯಿಂದ ಸಾಹೇಬರೊಬ್ಬರು ಬರುತ್ತಾರೆ ಎಂದು ಸುದ್ದಿಯಾಯಿತು. ಸಭೆ ಐಬಿಯಲ್ಲಿ, ಅಂದರೆ ಸರ್ಕಾರಿ ಬಂಗಲೆಯಲ್ಲಿ. ಬೋರ್‌ವೆಲ್ ಹಾಕಿಸಿದ ತೋಟದವರಿಗೆ ಕುರ್ಚಿ. ಬೋರ್‌ವೆಲ್ ಇಲ್ಲದಿದ್ದರೂ ಎಲೆಕ್ಷನ್ನಿಗೆ ನಿಂತು ಸೋತವರಿಗೆ ಬೆಂಚು. ಹೊಲದ ಬದುವಿನಲ್ಲಿ ನಾಲ್ಕು ಮರ ಇದ್ದವರು ಗೋಡೆಗೆ ಒರಗಿ ನಿಂತರು. ಯಾರೂ ಬೋರ್ಡು ಬರೆದು ಹಾಕಿರಲಿಲ್ಲ. ಆದರೂ ಒಬ್ಬನಾದರೂ ತಪ್ಪು ಜಾಗಕ್ಕೆ ಹೋಗಲಿಲ್ಲ. ಕಾಫಿಯೂ ದಾರಿ ಕೇಳದೆ ಕುರ್ಚಿಗಳಿಗೆ ಬಂದು, ಬೆಂಚಿನ ಹೊತ್ತಿಗೆ ಅರ್ಧ ಲೋಟವಾಗಿ, ಗೋಡೆಯ ಹತ್ತಿರ ಬರುವಷ್ಟರಲ್ಲಿ ಮುಗಿದುಹೋಯಿತು.

ನಾನು ಗೋಡೆಯವನೇ. ಆದರೆ ನನ್ನ ಕೈಯಲ್ಲಿ ಮಾದರಿ ಕೊಬ್ಬರಿಯ ಬೆಳ್ಳಿ ತಟ್ಟೆ ಇದ್ದುದರಿಂದ ಕುರ್ಚಿಗಳ ನಡುವೆ ಓಡಾಡುವ ಹಕ್ಕು ಸಿಕ್ಕಿತ್ತು. ತಟ್ಟೆ ತುರುವೇಕೆರೆ ರಸ್ತೆಯ ದೊಡ್ಡ ತೋಟದ ಯಜಮಾನರದು. ಮೊದಲ ಕುರ್ಚಿಯೂ ಅವರದೇ. ಹಿಂದಿನ ದಿನ ಅವರ ಮನೆಗೆ ಹೋಗಿ ನಾನೇ ಸಲಹೆ ಕೊಟ್ಟಿದ್ದೆ.

"ಯಜಮಾನ್ರೇ, ಸಾಹೇಬ್ರ ಮುಂದೆ ಭಾರಿ ಗಾತ್ರದವೇ ಇಡಬೇಕು. ಮಾಲು ನೋಡಿ ಬೆಲೆ ಕಟ್ತಾರೆ."

"ಅಟ್ಟದ ಮೇಲಿಂದ ಇಳ್ಸು ಮತ್ತೆ."

"ಒಣಗಿರೋವು ಬ್ಯಾಡಿ. ಒಣಗಿದ್ರೆ ಕುಗ್ತವೆ. ಇನ್ನೂ ಅರೆಹಸಿ ಇರೋವು ತೆಗೀತೀನಿ, ದಪ್ಪ ಕಾಣ್ತವೆ. ಅವರು ಕೇಳಿದ್ರೆ, ಇವು ಸಣ್ಣವು ಸಾರ್, ದೊಡ್ಡವು ಮನೇಲವೆ ಅನ್ನಿ."

ಮಾರ್ಕೆಟ್ಟಿನಲ್ಲಿ ಮಾಲು ಹೊಗಳಿದಷ್ಟೂ ಲಾಭ. ಸರ್ಕಾರದ ಮುಂದೆಯೂ ಹಾಗೇ ಎಂದು ತಿಳಿದದ್ದು ನಮ್ಮ ಸೀಮೆಯ ದಡ್ಡತನ. ಸಾಹೇಬರು ತಟ್ಟೆಯಿಂದ ಒಂದು ಗಿಟುಕು, ಅಂದರೆ ಒಡೆಯದ ಇಡೀ ಕೊಬ್ಬರಿ ಉಂಡೆ, ಎತ್ತಿ ತಿರುಗಿಸಿ ನೋಡಿದರು. ಇಲ್ಲಿನ ಕೊಬ್ಬರಿಯೆಲ್ಲ ಇಷ್ಟೇ ಗಾತ್ರವೇ ಎಂದು ಹಿಂದಿಯಲ್ಲಿ ಕೇಳಿದ್ದನ್ನು ಪಕ್ಕದ ಅಧಿಕಾರಿ ಕನ್ನಡಕ್ಕೆ ತಿರುಗಿಸಿದರು.

ಯಜಮಾನರು ಮೀಸೆ ಒರೆಸಿಕೊಂಡು, "ಇವು ಸಣ್ಣವು ಸಾರ್" ಎಂದರು. ಕುರ್ಚಿಗಳೆಲ್ಲ ತಲೆಯಾಡಿಸಿದವು. ಸಾಹೇಬರು ಬರೆದುಕೊಂಡರು.

ಎರಡು ತಿಂಗಳಿಗೆ ಖರೀದಿ ಕೇಂದ್ರ ತೆರೆಯಿತು. ಅದರ ಜೊತೆ ಒಂದು ಕಬ್ಬಿಣದ ಬಳೆಯೂ ಬಂತು. ಗಿಟುಕನ್ನು ಅದರ ಮೇಲಿಡಬೇಕು. ಮೇಲೆ ನಿಂತರೆ ಸರ್ಕಾರ ಕೊಳ್ಳುತ್ತದೆ. ಒಳಗೆ ತೂರಿ ಬಿದ್ದರೆ ಮನೆಗೆ ವಾಪಸ್. ಆ ಬಳೆ ಎಷ್ಟಗಲವಿತ್ತೆಂದರೆ ಅದನ್ನು ತೊಡುವ ಹೆಂಗಸು ಭೂಮಿಯ ಮೇಲೆ ಹುಟ್ಟಿರಲಾರಳು. ಐಬಿಯ ತಟ್ಟೆಯಲ್ಲಿದ್ದ 'ಸಣ್ಣವು' ಕಬ್ಬಿಣವಾಗಿ ನಮ್ಮೂರಿಗೆ ತಿರುಗಿ ಬಂದಿದ್ದವು.

ನಮ್ಮಕ್ಕನನ್ನು ಕೊಟ್ಟದ್ದು ಹಾಲ್ಕುರಿಕೆ ಕಡೆಗೆ. ಭಾವ ತೀರಿಹೋಗಿದ್ದರು. ಅವಳಿಗಿದ್ದದ್ದು ರಾಗಿ ಹೊಲದ ಬದುವಿನ ಮೂವತ್ತು ಮರ. ಅವಕ್ಕೆ ಮಳೆ ಬಿಟ್ಟು ಬೇರೆ ನೀರಿಲ್ಲ. ಕಾಯಿಗಳು ಮೂಸಂಬಿಗಿಂತ ಸ್ವಲ್ಪ ದಪ್ಪ. ಅವನ್ನೇ ಸುಮಾರು ಒಂದು ವರ್ಷ ಅಟ್ಟದ ಮೇಲಿಟ್ಟು, ಇಲಿಯಿಂದ ಕಾಪಾಡಿ, ಒಡೆದು ಗಿಟುಕು ತೆಗೆದಿದ್ದಳು. ಇವನ್ನು ಸರ್ಕಾರಕ್ಕೆ ಕೊಟ್ಟು ಒಂದು ಸೀಮೆಹಸು ತರುವುದೆಂದು ತೀರ್ಮಾನಿಸಿದ್ದಳು. ಹಸುವಿಗೆ ಹೆಸರೂ ಇಟ್ಟಾಗಿತ್ತು.

ಕೇಂದ್ರದಲ್ಲಿ ಮಾಲು ಪರೀಕ್ಷಿಸುವ ಗ್ರೇಡರ್ ಅವಳ ಮೊದಲ ಗಿಟುಕನ್ನು ಬಳೆಯ ಮೇಲಿಟ್ಟ. ಟಪ್. ಎರಡನೆಯದೂ ಟಪ್. ಹತ್ತನೆಯದು ಬೀಳುವಾಗ ಅಕ್ಕ ಅವನ ಕೈ ಹಿಡಿದಳು.

"ಸ್ವಾಮಿ, ಮೆಲ್ಲಗೆ ಇಡಿ. ನೀವು ಒಳಕ್ಕೇ ಎಸೀತಿದೀರ."

"ಎಸೀತಿಲ್ಲ ಕಣಮ್ಮ. ಅದೇ ಬೀಳ್ತಿದೆ. ರೂಲ್ಸು."

"ತಿನ್ನೋವಾಗ ಬಳೇಲಿ ಅಳ್ದು ತಿಂತಾರಾ?"

ಅವನು ಹನ್ನೊಂದನೆಯದನ್ನು ಬಳೆಯ ಮೇಲಿಟ್ಟ. ಅಕ್ಕ ಚೀಲ ಕಟ್ಟಿಕೊಂಡು ನನ್ನ ಅಂಗಡಿಗೆ ಬಂದಳು.

"ಯಾವನ್ಲಾ ಆ ಬಳೆ ಮಾಡಿದೋನು? ಅವನ ಹೆಂಡ್ತಿ ಕೈ ಒನಕೆಯಂಗಿರಬೇಕು."

ನಾನು ಯಾರೋ ಗಿರಾಕಿ ಬಂದಂತೆ ಹೊರಗೆ ನೋಡಿದೆ. ಆಮೇಲೆ ತಟ್ಟೆಯ ಕಥೆ ಹೇಳಲೇಬೇಕಾಯಿತು. ಅಕ್ಕ ಬೈಯಲಿಲ್ಲ. "ನೀನು ಸುಲಿಯೋದೇ ವಾಸಿಯಾಗಿತ್ತು ಕಣ್ಲಾ" ಎಂದಳು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ.

ಮರುದಿನದಿಂದ ಎರಡು ವಾರ ಕೇಂದ್ರದ ಬಾಗಿಲಲ್ಲೇ ನಿಂತು ಗಮನಿಸಿದೆ. ಅಕ್ಕನೂ ದಿನಾ ಅಂಗಳಕ್ಕೆ ಬಂದು ನಿಲ್ಲುತ್ತಿದ್ದಳು. ಗೋಡೆಯವರ ಚೀಲ ಬಂದರೆ ಬಳೆ ಹೊರಗೆ ಬರುತ್ತಿತ್ತು. ಬೆಂಚಿನವರದು ಬಂದರೆ ಒಂದೆರಡು ಗಿಟುಕು ಅಳೆಯುತ್ತಿದ್ದರು. ಕುರ್ಚಿಯವರ ಗಾಡಿ ಬಂದರೆ ಬಳೆಗೆ ಕಾಫಿ ವಿರಾಮ. "ದೊಡ್ಡೋರದ್ದು ಅಳೆಯೋದೇನಿದೆ ರೀ" ಎನ್ನುತ್ತಿದ್ದ ಗ್ರೇಡರ್. ಅರ್ಜಿ ಬರೆಯೋಣ ಎಂದರು ಕೆಲವರು. ಬೇಡ ಎಂದೆ. ಎಲ್ಲರಿಗೂ ಇದೇ ನನ್ನ ಸಲಹೆ: ರೂಲು ನಿಮಗೆ ಚುಚ್ಚುತ್ತಿದೆ ಎಂದು ತೋರಿಸಿದರೆ ಮುಲಾಮು ಹಚ್ಚಿಕೋ ಅನ್ನುತ್ತಾರೆ. ಅದು ಕುರ್ಚಿಯವರಿಗೂ ಒಮ್ಮೆ ಚುಚ್ಚುವಂತೆ ನೋಡಿಕೊಳ್ಳಿ.

ನಾನು ಯಜಮಾನರ ಮನೆಗೆ ಹೋದೆ.

"ಯಜಮಾನ್ರೇ, ಜನ ಏನೇನೋ ಮಾತಾಡ್ತಾವ್ರೆ."

"ಏನಂತೆ?"

"ನಿಮ್ಮ ಕೊಬ್ಬರೀನೂ ಬಳೇಲಿ ನಿಲ್ಲಲ್ವಂತೆ. ಅದಕ್ಕೇ ಅಳೆಸ್ತಿಲ್ವಂತೆ."

ಅವರು ಊಟದ ಎಲೆಯಿಂದ ಎದ್ದೇಬಿಟ್ಟರು. ಅಂದೇ ಗಾಡಿ ಕಟ್ಟಿಸಿದರು. ಕೇಂದ್ರದ ಅಂಗಳದಲ್ಲಿ ನಿಂತು, ಎಲ್ಲರಿಗೂ ಕೇಳಿಸುವಂತೆ, "ನಮ್ದೂ ಅಳೀರಿ. ಒಂದೊಂದೂ ಅಳೀರಿ" ಎಂದರು.

"ಬ್ಯಾಡಿ ಯಜಮಾನ್ರೇ" ಎಂದ ಗ್ರೇಡರ್. ಅವನಿಗೆ ಮೊದಲೇ ಗೊತ್ತಿತ್ತೋ ಏನೋ, ಧ್ವನಿಯಲ್ಲಿ ಅಳು ಇತ್ತು.

"ಅಳೀರಿ ಅಂದೆ."

ಚೆನ್ನಾಗಿ ಒಣಗಿದ ಕೊಬ್ಬರಿ. ಐಬಿಯ ತಟ್ಟೆಯಲ್ಲಿದ್ದ ಅರೆಹಸಿ ಅಲ್ಲ. ಮೊದಲನೆಯದು ಬಳೆಯ ಅಂಚಿಗೆ ಒಂದು ಕ್ಷಣ ಕೂತು, ಎಲ್ಲರ ಮುಖ ನೋಡಿ, ಟಪ್ಪೆಂದು ಬಿತ್ತು. ಎರಡನೆಯದು ನಿಂತಿತು. ಮೂರು, ನಾಲ್ಕು, ಐದು ಟಪ್, ಟಪ್, ಟಪ್. ಗೋಡೆಗೆ ಒರಗಿದ್ದವರು ಟವೆಲ್ಲನ್ನು ಬಾಯಿಗೆ ತುರುಕಿಕೊಂಡರು. ಅಕ್ಕ ಮಾತ್ರ ಯಜಮಾನರ ಪಕ್ಕಕ್ಕೆ ಹೋಗಿ ಮೆಲ್ಲಗೆ, "ಎಸೀತಾನೆ ಕಣಣ್ಣ ಅವ್ನು. ನಂದೂ ಹಂಗೇ ಎಸೆದ" ಎಂದು ಸಮಾಧಾನ ಮಾಡಿದಳು.

ಯಜಮಾನರು ಕೇಂದ್ರದ ಸೆಕ್ರೆಟರಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಫೋನ್ ಹಿಡಿದರು. ಬಾಗಿಲಿಗೆ ಅವರ ಧ್ವನಿ ತಡೆಯುವ ಶಕ್ತಿ ಇರಲಿಲ್ಲ.

"ಈ ಬಳೆ ರೈತರಿಗೆ ಅನ್ಯಾಯ ಸಾರ್. ಬಡ ರೈತ ಎಲ್ಲಿಗೆ ಹೋಗಬೇಕು?"

ಎರಡು ವಾರದಿಂದ ನಮ್ಮಕ್ಕ ಅದೇ ಅಂಗಳದಲ್ಲಿ ಬಡ ರೈತಳಾಗಿ ನಿಂತಿದ್ದಳು, ಯಾರಿಗೂ ಕಂಡಿರಲಿಲ್ಲ. ಈಗ ಒಂದು ಫೋನಿನಲ್ಲಿ ದೆಹಲಿಯವರೆಗೂ ಕಂಡಳು. ಹತ್ತು ದಿನ ಕಳೆಯುವಷ್ಟರಲ್ಲಿ ಹೊಸ ಬಳೆ ಬಂತು. ಯಜಮಾನರು ತಮ್ಮ ತೋಟದ ಅತಿ ಸಣ್ಣ ಗಿಟುಕಿನ ಅಳತೆ ತೆಗೆಸಿ ಕಳಿಸಿದ್ದರಂತೆ. ಯಾವ ತೋಟದಲ್ಲೂ ಒಂದು ಮೂಲೆಗೆ ನೀರು ಸರಿಯಾಗಿ ಹೋಗುವುದಿಲ್ಲ. ಆ ಮೂಲೆಯ ಒಂದು ಮುದಿ ಮರ ನಮ್ಮಕ್ಕನಿಗೆ ಮಾಡಿದ ಉಪಕಾರವನ್ನು ಯಾವ ಸಚಿವರೂ ಮಾಡಿಲ್ಲ.

ಅಕ್ಕನ ಕೊಬ್ಬರಿ ಹೊಸ ಬಳೆಯ ಮೇಲೆ ನಿಂತಿತು. ಎಲ್ಲವೂ ಅಲ್ಲ, ಒಂದು ಮಡಿಲಿನಷ್ಟು ಬಿದ್ದವು. ಉಳಿದದ್ದನ್ನು ತೂಗಿ, ಚೀಲಕ್ಕೆ ತುಂಬಿ, ಬಾಯಿ ಹೊಲಿದರು. ಆದರೆ ದುಡ್ಡು ಕೊಡಿಸುವ ಚೀಟಿ ಬರೆಯಬೇಕಾದ ಗುಮಾಸ್ತ ಊಟಕ್ಕೆ ಹೋಗಿದ್ದ. ಅಕ್ಕ ಹೋಗಿ ತನ್ನ ಚೀಲದ ಮೇಲೆ ಕೂತಳು.

"ಏಳಕ್ಕ, ಒಳಗೆ ಸಾಗಿಸ್ಬೇಕಂತೆ" ಎಂದೆ.

"ಚೀಟಿ ಕೈಗೆ ಬರ್ಲಿ. ಅಷ್ಟರಲ್ಲಿ ಇನ್ಯಾರದ್ದೋ ಫೋನು ಬಂದು ಮೂರನೇ ಬಳೆ ಬಂದ್ರೆ?"

ಹಮಾಲಿಗಳು ಕೇಳಿದರು. ಗ್ರೇಡರ್ ಕೈಮುಗಿದ. ಕೊನೆಗೆ ಯಜಮಾನರೇ ಬಂದರು.

"ಏಳಮ್ಮ, ಅದು ನಿಂದಲ್ಲ ಈಗ. ಸರ್ಕಾರದ್ದು."

"ಸರ್ಕಾರದ್ದಾದ್ರೆ ಸರ್ಕಾರನೇ ಬಂದು ಎಬ್ಬುಸ್ಲಿ ಬುಡಿ ಅಣ್ಣ" ಎಂದು ಅಕ್ಕ ಸೆರಗು ಸರಿಮಾಡಿಕೊಂಡು, ಪಕ್ಕದಲ್ಲಿದ್ದ ಅವರದೇ ಚೀಲವನ್ನು ಕೈಯಲ್ಲಿ ತಟ್ಟಿ ಅವರಿಗೂ ಜಾಗ ತೋರಿಸಿದಳು. ಅಂದು ತೂಗಿಸಿದ್ದ ಅವರ ಮಾಲಿನ ಚೀಟಿಯೂ ಬಂದಿರಲಿಲ್ಲ. ಯಜಮಾನರು ಒಂದು ಸಲ ಕೇಂದ್ರದ ಕುರ್ಚಿಯ ಕಡೆ, ಒಂದು ಸಲ ಫೋನಿನ ಕೋಣೆಯ ಕಡೆ ನೋಡಿದರು. ಆಮೇಲೆ ಪಂಚೆ ಎತ್ತಿ ಕಟ್ಟಿ ಚೀಲದ ಮೇಲೆ ಕೂತರು.